ಸಿಂಗರ್ ಮನೆಯನ್ನು ಹಾಳು ಮಾಡಿದ್ದು ಆಫೀಸಲ್ಲ

ಬೆಳಗ್ಗೆಯಿಂದ ಬೇಜಾರಾಗಿದೆ. ಇಂಗ್ಲೆಂಡಿನಲ್ಲಿರುವ ಮಗಳು ಪೇಂಟನ್ ಊರಿಗೆ ಹೋಗಿದ್ದಳು. ಅಲ್ಲಿನ ಓಲ್ಡ್‌ವೇ ಬಂಗಲೆಯ ಫೋಟೋ ಕಳಿಸಿದಳು. ಬಾಗಿಲು ಮುಚ್ಚಿತ್ತಂತೆ. ಅದನ್ನು ಮನೆಯವರ ಗ್ರೂಪಿಗೆ ಹಾಕಿದೆ. ನೆಂಟರೊಬ್ಬರು ಬರೆದರು: "ಇಂಥ ಅರಮನೇಲಿ ಕೌನ್ಸಿಲ್ (ಅಲ್ಲಿನ ಪುರಸಭೆ) ಆಫೀಸು ಇಟ್ಟು ಹಾಳು ಮಾಡಿದ್ರಂತೆ, ಛೆ."

ನನಗೆ ತಡೆಯಲಾಗಲಿಲ್ಲ. ಆ ಮನೆ ಊರಿನವರದ್ದಾಗಿದ್ದೇ ಆಫೀಸು ಬಂದ ಮೇಲೆ!

ಅದು ಐಸಾಕ್ ಸಿಂಗರ್ ಕಟ್ಟಿಸಿದ ಮನೆ. ಹೌದು, ಹೊಲಿಗೆ ಮಷಿನ್ನಿನ ಸಿಂಗರ್. ಅವನಿಗಿಂತ ಮೊದಲೇ, 1846ರಲ್ಲಿ, ಎಲಿಯಾಸ್ ಹೋವ್ ಅನ್ನುವ ಅಮೆರಿಕದವನು ಹೊಲಿಗೆ ಮಷಿನ್ನಿಗೆ ಪೇಟೆಂಟ್ ಪಡೆದಿದ್ದ. ಸಿಂಗರನದ್ದು 1851ರದ್ದು. ಆದರೆ ಮಷಿನ್ನನ್ನು ಕಂತಿನ ಮೇಲೆ ಬಡವರ ಮನೆಗೂ ಮುಟ್ಟಿಸಿದ್ದು ಅವನ ಕಂಪನಿ. ನನ್ನ ಅಮ್ಮನೂ ಕಂತಿನಲ್ಲೇ ತಂದಿದ್ದು. ಅಪ್ಪ ಹೋದ ಮೇಲೆ ನಮ್ಮನ್ನು ಸಾಕಿದ್ದು ಆ ಕಪ್ಪು ಮಷಿನ್. ರಾತ್ರಿ ಅದರ ಸದ್ದು ಕೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಆ ಮನೆಯ ಮೇಲೆ ನನಗೆ ಇಷ್ಟು ಅಕ್ಕರೆ ಯಾಕೆ ಅಂದರೆ ಇದೇ.

ಮನೆ ಪೂರ್ತಿಯಾಗುವ ಮೊದಲೇ, 1875ರಲ್ಲಿ, ಸಿಂಗರ್ ತೀರಿಕೊಂಡ. ಮಗ ಪ್ಯಾರಿಸ್ ಸಿಂಗರ್ 1904ರಿಂದ 1907ರವರೆಗೆ ಅದನ್ನು ಫ್ರಾನ್ಸಿನ ವರ್ಸೈ ಅರಮನೆ ತರಹ ಬದಲಾಯಿಸಿದ. ಅಮೃತಶಿಲೆಯ ದೊಡ್ಡ ಮೆಟ್ಟಿಲು, ಕನ್ನಡಿಗಳ ಉದ್ದನೆ ಮೊಗಸಾಲೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಅಲ್ಲೇ ಆಸ್ಪತ್ರೆ. 1946ರಲ್ಲಿ ಊರಿನ ಕೌನ್ಸಿಲ್ ಕೊಂಡುಕೊಂಡಿತು. ಶ್ರೀಮಂತರ ನೆಂಟರು ಹತ್ತಿದ್ದ ಮೆಟ್ಟಿಲನ್ನು ಆಮೇಲೆ ಯಾರು ಬೇಕಾದರೂ ಹತ್ತಬಹುದಿತ್ತು. ಆಫೀಸಿನ ಕೆಲಸಕ್ಕೆ ಬಂದವರು ಹತ್ತಿದರು. ಮದುವೆ ಮಾಡಿಕೊಳ್ಳಲು ಬಂದ ಹುಡುಗ ಹುಡುಗಿಯರು ಅಲ್ಲೇ ನಿಂತು ಫೋಟೋ ತೆಗೆಸಿಕೊಂಡರು. ಇದು ಹಾಳು ಮಾಡಿದ್ದಾ?

ಆಫೀಸು ಅಂದರೆ ಅಡ್ಡಗೋಡೆ, ಫೈಲಿನ ರಾಶಿ, ವೈರು, ಅಂದ ಕೆಡುತ್ತದೆ ಅಂತ ಆ ನೆಂಟರ ವಾದ. ಇರಬಹುದು. ಅಡ್ಡಗೋಡೆಯನ್ನು ಒಂದು ವಾರದಲ್ಲಿ ತೆಗೆಸಬಹುದು. ಖಾಲಿ ಮನೆಯ ಸೂರು ಸೋರಿದರೆ ನೋಡುವವರು ಯಾರು? ದಿನಾ ಜನ ಬರುವ ಕಡೆ ಯಾರಾದರೂ ಒಬ್ಬರು "ಇಲ್ಲಿ ನೀರು ಬೀಳ್ತಿದೆ" ಅಂತ ಹೇಳುತ್ತಾರೆ, ಅಲ್ವಾ?

ಕೇಡು ಶುರುವಾಗಿದ್ದು 2013ರಲ್ಲಿ, ಆಫೀಸುಗಳು ಖಾಲಿಯಾದ ಮೇಲೆ. ಹೋಟೆಲ್ ಮಾಡುವ ಯೋಜನೆ ಬಂತು, ಆಗಲಿಲ್ಲ. ಬಾಗಿಲು ವರ್ಷಗಟ್ಟಲೆ ಮುಚ್ಚಿತ್ತು. ಅದನ್ನು ಉಳಿಸಬೇಕು ಅಂತ ಊರಿನ ಜನರೇ ಸಂಘ ಕಟ್ಟಿಕೊಂಡು ದುಡಿದರು. ಅವರನ್ನು ನೆನೆದರೆ ಕಣ್ಣು ತುಂಬುತ್ತದೆ.

ಗ್ರೂಪಿನಲ್ಲಿ ಇಷ್ಟೆಲ್ಲಾ ಹೇಳಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ಬಾಗಿಲು ತೆಗೆದ ದಿನ ಒಳಗೆ ಹೋಗಿ ಆ ಮೆಟ್ಟಿಲಿನ ಫೋಟೋ ಕಳಿಸು ಅಂತ ಮಗಳಿಗೆ ಹೇಳಿದ್ದೇನೆ. ಅಮ್ಮನ ಮಷಿನ್ ಇಟ್ಟಿರುವ ಗೋಡೆಗೆ ಹಾಕಬೇಕು.