ಇನ್ನೊಂದೆರಡು ಸಾವಿರ ಹಾಕಿದ್ರೆ…

ಮನೆಗೊಂದು ಕಂಪ್ಯೂಟರ್ ಬೇಕು ಅಂತ ಅರ್ಜಿ ಹಾಕಿದವಳು ನಾನು. ಅದನ್ನು ಬೆಂಬಲಿಸಿದವನು ಪಿಯುಸಿ ಓದುವ ಮಗ. ನನಗೆ ಅಡುಗೆ ವಿಡಿಯೋ ಎಡಿಟ್ ಮಾಡಬೇಕಿತ್ತು, ಅವನಿಗೆ ಗೇಮ್ ಆಡಬೇಕಿತ್ತು. ಅಪ್ಪನ ಮುಂದೆ ಗೇಮ್ ಅಂದರೆ ಕಥೆ ಮುಗೀತು ಅಂತ ಅವನಿಗೆ ಗೊತ್ತು. ಬರೀ ಬಸ್ಸಾರಿನ ವಿಡಿಯೋಗೆ ಇಷ್ಟು ದುಡ್ಡಾ ಅನ್ನುತ್ತಾರೆ ಅಂತ ನನಗೂ ಗೊತ್ತು. ಹಾಗಾಗಿ ಇಬ್ಬರೂ ಸೇರಿ ಜಂಟಿ ಖಾತೆ ತೆರೆದೆವು. "ಅಮ್ಮನ ಎಡಿಟಿಂಗಿಗೆ, ನನ್ನ ಓದಿಗೆ" ಅಂತ ಮಗ ಊಟದ ಹೊತ್ತಲ್ಲಿ ವಿಷಯ ಮಂಡಿಸಿದ. ಅವತ್ತು ಮುದ್ದೆ ಚೆನ್ನಾಗಿ ಬಂದಿತ್ತು. ಅರವತ್ತು ಸಾವಿರ ಮಂಜೂರಾಯಿತು.

ಹಳೇ ಲ್ಯಾಪ್‌ಟಾಪಿನ ಪಾಡು ಹೇಳಲೇಬೇಕು. ಮಗ ನನ್ನ ಫೋನಿನ ಕ್ಯಾಮೆರಾವನ್ನು 4ಕೆಗೆ ಇಟ್ಟುಕೊಟ್ಟಿದ್ದ. ಅಂದರೆ ಮಾಮೂಲಿ ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕೆಗಳು. ಹುರುಳಿಕಾಳು ಬಸ್ಸಾರು ಕುದಿಯುವ ವಿಡಿಯೋ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುವಷ್ಟರಲ್ಲಿ, ನಿಜವಾದ ಬಸ್ಸಾರು ಖಾಲಿಯಾಗಿ ಪಾತ್ರೆ ತೊಳೆದೂ ಆಗಿರುತ್ತಿತ್ತು. ಪ್ರಾಕ್ಸಿ ಅಂತ ಸಣ್ಣ ಗಾತ್ರದ ನಕಲು ಮಾಡಿಕೊಂಡು ಅದರ ಮೇಲೆ ಕತ್ತರಿಸಬಹುದು, ಕೊನೆಗೆ ಅಸಲಿ ವಿಡಿಯೋ ಹೊರಗೆ ಬರುತ್ತದೆ. ಆದರೆ ಆ ನಕಲು ಮಾಡೋಕೂ ಲ್ಯಾಪ್‌ಟಾಪಿಗೆ ಉಸಿರಿರಲಿಲ್ಲ.

ಬಿಡಿ ಪಾರ್ಟು ತಂದು ಮನೆಯಲ್ಲೇ ಜೋಡಿಸೋದು ಅಂತಾಯಿತು. ದುಡ್ಡು ಸಿಕ್ಕ ಮೇಲೆ ಜಂಟಿ ಖಾತೆಯಲ್ಲಿ ಜಗಳ ಶುರುವಾಯಿತು. ಎಡಿಟಿಂಗಿಗೆ ಬೇಕಾದದ್ದು ಕೆಲಸದ ಮಧ್ಯೆ ಎಲ್ಲ ನೆನಪಿಡೋಕೆ ಜಾಸ್ತಿ ರ್‍ಯಾಮ್, ಲೆಕ್ಕ ಮಾಡೋಕೆ ಒಳ್ಳೇ ಪ್ರೊಸೆಸರ್, ವಿಡಿಯೋ ತುಂಬಿಡೋಕೆ ವೇಗದ ಎಸ್‌ಎಸ್‌ಡಿ. ಗೇಮಿಗೆ ಬೇಕಾದದ್ದು ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು, ಆಮೇಲೆ ಗ್ರಾಫಿಕ್ಸ್ ಕಾರ್ಡು, ದುಡ್ಡು ಉಳಿದರೆ ಇನ್ನೂ ದೊಡ್ಡ ಗ್ರಾಫಿಕ್ಸ್ ಕಾರ್ಡು. ಮಗ ಆರಿಸಿದ್ದು ಇಂಟೆಲ್ ಐ5-12400ಎಫ್. ಆರು ಕೋರು, ಹನ್ನೆರಡು ಥ್ರೆಡ್ಡು, ಅಂದರೆ ಆರು ಜನ ಒಟ್ಟಿಗೆ ಹನ್ನೆರಡು ಕೆಲಸ ಹಿಡಿದ ಹಾಗೆ. ಕೊನೆಯ ಆ 'ಎಫ್' ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರಲ್ಲ, ಬೆಲೆ ಕಡಿಮೆ. ಎಫ್ ಇಲ್ಲದ 12400ರಲ್ಲಿ ಕ್ವಿಕ್ ಸಿಂಕ್ ಅಂತ ಒಂದಿದೆ, ಫೋನಿನ ವಿಡಿಯೋ ಬಿಚ್ಚೋಕೆ ಒಳ್ಳೇದು, ಅದೇ ಇರಲಿ ಅಂದೆ. "ಆ ಕೆಲಸ ಕಾರ್ಡೂ ಮಾಡುತ್ತೆ ಅಮ್ಮ" ಅಂದ. ನಿಜವೇ. "ಕಾರ್ಡು ಕೆಟ್ಟರೆ?" ಅಂದೆ. "ಹೊಸಾ ಕಾರ್ಡಿಗೆ ಕೆಟ್ಟದ್ದು ಯಾಕಮ್ಮ ಬಯಸ್ತೀಯ?" ಅಂದ. ಎಫ್ ಗೆದ್ದಿತು. ಬದಲಿಗೆ ಹದಿನಾರರ ರ್‍ಯಾಮ್ ನನ್ನ ಪಾಲಿಗೆ ಬಂತು. ಅದೂ ಎಂಟೆಂಟು ಜಿಬಿಯ ಜೋಡಿ. ಹದಿನಾರರದ್ದು ಒಂದೇ ಹಾಕುವುದಕ್ಕಿಂತ ಎಂಟರದ್ದು ಎರಡು ಹಾಕಿದರೆ ಎರಡು ದಾರಿಯಲ್ಲಿ, ಅಂದರೆ ಡ್ಯುಯಲ್ ಚಾನೆಲ್‌ನಲ್ಲಿ ಕೆಲಸ ಚುರುಕು.

ರ್‍ಯಾಮಿನ ಬೆಲೆ ಕೇಳಿ ನಮ್ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡರು. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು ಬೆಲೆ ಎಲ್ಲೆಲ್ಲೋ ಹೋಗಿದೆ. ಅಮೆರಿಕದಲ್ಲಿ ಯಾರೋ 'ನನ್ನ ಬೆಕ್ಕಿಗೆ ಟೋಪಿ ಹಾಕಿದ ಚಿತ್ರ ಬರೆದುಕೊಡು' ಅಂದರೆ ತುಮಕೂರಿನಲ್ಲಿ ನನಗೆ ಟೋಪಿ ಬೀಳುತ್ತದೆ.

ಮಧ್ಯೆ ತಿಪಟೂರಿನಿಂದ ನನ್ನ ತಮ್ಮ ಫೋನ್ ಮಾಡಿದ. ಅವನ ಸ್ನೇಹಿತನ ಹತ್ತಿರ ಸೆಕೆಂಡ್ ಹ್ಯಾಂಡ್ ಕಾರ್ಡಿದೆಯಂತೆ, ಅರ್ಧ ಬೆಲೆಗೆ. "ಒಬ್ಬರೇ ಇಂಜಿನಿಯರು ಬಳಸಿದ್ದು ಕಣಕ್ಕ." ಹಳೇ ಕಾರು ಮಾರುವವರೂ ಒಬ್ಬರೇ ಡಾಕ್ಟರು ಓಡಿಸಿದ್ದು ಅನ್ನುತ್ತಾರಲ್ವಾ. ಮಗ ಕೆದಕಿ ಕೇಳಿದಾಗ ಗೊತ್ತಾಯಿತು, ಆ ಇಂಜಿನಿಯರು ಅದರಲ್ಲಿ ಹಗಲೂ ರಾತ್ರಿ ಕ್ರಿಪ್ಟೋ ಅಗೆದಿದ್ದಾರೆ, ಅಂದರೆ ಕಾರ್ಡಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಅನ್ನೋ ಕ್ರಿಪ್ಟೋ ಈ ಅಗೆಯುವ ಪದ್ಧತಿಯನ್ನೇ ಬಿಟ್ಟಿತು. ಆಗ ಕೆಲಸ ಕಳೆದುಕೊಂಡ ಕಾರ್ಡುಗಳು ಹೀಗೆ ಊರೂರು ಅಲೆಯುತ್ತಿವೆ. ಎಲ್ಲವೂ ಕೆಟ್ಟಿರುತ್ತವೆ ಅಂತೇನಿಲ್ಲ. ಆದರೆ ವಾರಂಟಿ ಯಾರು ಕೊಡ್ತಾರೆ, ಇವನಾ?

ಇಲ್ಲೇ ಊರಲ್ಲಿ ವಿಚಾರಿಸಿದ ಒಂದು ಅಂಗಡಿಯವರು ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಅಂದರು. ನಮ್ಮನೆಯವರ ಮುಖ ಅರಳಿತು. ಮಗನ ಮುಖ ಬಾಡಿತು. ಗೋಡೆಯ ಕರೆಂಟನ್ನು ಅಷ್ಟೂ ಪಾರ್ಟುಗಳಿಗೆ ಹದವಾಗಿ ಹಂಚುವುದು ಆ ಡಬ್ಬಿಯೇ. ಅದು ಕಳಪೆಯಾದರೆ ತಾನೊಂದೇ ಹೋಗಲ್ಲ, ಪಕ್ಕದವರನ್ನೂ ಕರೆದುಕೊಂಡು ಹೋಗಬಹುದು. ಮಗ 80 ಪ್ಲಸ್ ಬ್ರಾಂಜ್ ಇರಲೇಬೇಕು ಅಂದ, ಕರೆಂಟು ಕಡಿಮೆ ಪೋಲು ಮಾಡುತ್ತೆ ಅನ್ನೋದಕ್ಕೆ ಕೊಡೋ ದರ್ಜೆ ಅದು. "ಒಲಿಂಪಿಕ್ಸಲ್ಲೂ ಬ್ರಾಂಜು, ಮನೇಲೂ ಬ್ರಾಂಜಾ?" ಅಂತ ಇವರು ಕೇಳಿದರು. ಗೋಲ್ಡಿನ ಬೆಲೆ ಹೇಳಿದ ಮೇಲೆ ಬ್ರಾಂಜಿಗೆ ಗೌರವ ಬಂತು.

ಕೊನೆಗೆ ಬೆಳಗಿನ ಟ್ರೈನು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಎಪ್ಪತ್ತು ಕಿಲೋಮೀಟರ್ ದಾರಿಯುದ್ದಕ್ಕೂ ಇವರು ಪಟ್ಟಿ ಉರು ಹೊಡೆದರು. ಪಟ್ಟಿ ಬಿಟ್ಟು ಒಂದು ಸ್ಕ್ರೂ ಕೂಡ ಜಾಸ್ತಿ ತಗೊಳ್ಳಲ್ಲ ಅಂತ ಶಪಥ. ಕೌಂಟರಿನ ಹುಡುಗ ಪಟ್ಟಿ ನೋಡಿ ತುಂಬಾ ಚೆನ್ನಾಗಿದೆ ಸರ್ ಅಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರೆ ಇನ್ನೊಂದೆರಡು ಸಾವಿರ ಹಾಕಿದ್ರೆ…" ಅಂತ ಶುರುಮಾಡಿದ.

ಎರಡು ಸಾವಿರ ಹಾಕಿದರೆ ಎಲ್ಲ ಪಾರ್ಟೂ ಕೂರುವ ಮದರ್ ಬೋರ್ಡು ಚೆನ್ನಾಗಿರೋದು ಬರುತ್ತೆ. ಬೋರ್ಡು ಅದಾದರೆ ಇನ್ನೆರಡು ಸಾವಿರಕ್ಕೆ ಎಸ್‌ಎಸ್‌ಡಿ ಒಂದು ಟಿಬಿ. ಇಷ್ಟು ಹಾಕಿದ ಮೇಲೆ ಇಂಟೆಲ್ ಬಿಟ್ಟು ಎಎಂಡಿ ಕಂಪನಿಯ ಎಎಂ5 ಬೋರ್ಡಿಗೇ ಹೋಗಿಬಿಡಿ ಸರ್, ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸಿದರೆ ಸಾಕು. ಅದಕ್ಕೆ ಡಿಡಿಆರ್5 ರ್‍ಯಾಮೇ ಬೇಕು, ಹಳೇ ಡಿಡಿಆರ್4 ಕೂರಲ್ಲ, ಅದರ ಕಚ್ಚೇ ಬೇರೆ ಜಾಗದಲ್ಲಿರುತ್ತೆ. ಆ ರ್‍ಯಾಮಿಗೆಷ್ಟು ಅಂತ ಇವರು ಕೇಳಿದರು. ಹುಡುಗ ಹೇಳಿದ. ಇವರಿಗೆ ಶಪಥ ನೆನಪಾಯಿತು. "ಮುಂದೆ ಬದಲಾಯಿಸೋದು ಬೇಡಪ್ಪ. ಮದುವೆಗೆ ಕೊಟ್ಟ ಮಿಕ್ಸಿಯ ಜಾರನ್ನೇ ನಾವಿನ್ನೂ ಬದಲಾಯಿಸಿಲ್ಲ" ಅಂದರು. ಇಬ್ಬರ ಮಧ್ಯೆ ಎಲ್ಲೋ ಒಂದು ಕಡೆ ವ್ಯಾಪಾರ ಕುದುರಿತು. ಬಿಲ್ಲಾದ ಮೇಲೆ ಹುಡುಗ ಮಾನಿಟರ್ ಯಾವುದು ಕೊಡಲಿ ಅಂದ.

"ಮಾನಿಟರ್ ಇದರಲ್ಲೇ ಬರಲ್ವಾ?" ಅಂದರು ಇವರು. ಮಗ ಸೀಲಿಂಗ್ ಫ್ಯಾನು ನೋಡುತ್ತಿದ್ದ. ಪಟ್ಟಿಯಲ್ಲಿ ಮಾನಿಟರ್ ಇರಲಿಲ್ಲ. ಕೀಬೋರ್ಡು, ಮೌಸು, ಯುಪಿಎಸ್ ಯಾವುದೂ ಇರಲಿಲ್ಲ. ಬರೆದಿದ್ದರೆ ಅರ್ಜಿ ಅಲ್ಲೇ ತಿರಸ್ಕಾರ ಆಗುತ್ತಿತ್ತಲ್ಲ, ಅದಕ್ಕೆ. ಮಾನಿಟರ್, ಕೀಬೋರ್ಡ್, ಮೌಸ್ ಬಂದವು. ಯುಪಿಎಸ್ ಮುಂದಿನ ತಿಂಗಳಿಗೆ ಹೋಯಿತು.

ಜೋಡಿಸುವ ದಿನ ವೈರುಗಳ ಜವಾಬ್ದಾರಿ ಇವರು ವಹಿಸಿಕೊಂಡರು. ಎಲ್ಲ ಅಚ್ಚುಕಟ್ಟಾಗಿ ಕಟ್ಟಿ ಸ್ವಿಚ್ ಹಾಕಿದರೆ ಫ್ಯಾನು ತಿರುಗುತ್ತದೆ, ಬಣ್ಣಬಣ್ಣದ ಲೈಟು ಕುಣಿಯುತ್ತದೆ, ಪರದೆಯ ಮೇಲೆ ಮಾತ್ರ 'ನೋ ಸಿಗ್ನಲ್'. ಮಾವನವರು ರಾಹುಕಾಲ ನೋಡಿದರು. ನನ್ನ ತಮ್ಮ ಫೋನಿನಲ್ಲೇ, ಆ ಹಳೇ ಕಾರ್ಡು ಇನ್ನೂ ಇದೆ ಅಕ್ಕ ಅಂದ. ಸಂಜೆ ಬಂದ ಮಗನ ಗೆಳೆಯ ಹಿಂದೆ ಬಗ್ಗಿ ನೋಡಿ, ಬೋರ್ಡಿನಲ್ಲಿದ್ದ ಎಚ್‌ಡಿಎಂಐ ವೈರನ್ನು ಕಿತ್ತು ಕೆಳಗಿದ್ದ ಕಾರ್ಡಿಗೆ ಚುಚ್ಚಿದ. ಪರದೆ ಬೆಳಗಿತು. ಎಫ್ ಪ್ರೊಸೆಸರ್ ಹಾಕಿದರೂ ಬೋರ್ಡಿನಲ್ಲಿ ಆ ತೂತು ಇದ್ದೇ ಇರುತ್ತೆ, ಅದರಿಂದ ಚಿತ್ರ ಬರಲ್ಲ ಅಷ್ಟೇ. "ತೂತು ಯಾಕೆ ಇಡ್ತಾರೆ ಹಾಗಾದ್ರೆ?" ಅಂತ ಇವರು ಇವತ್ತಿಗೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಮೊದಲ ಶುಕ್ರವಾರ ಅತ್ತೆಯವರು ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ಅದರ ಮುಂದೆ ಸಾಂಬ್ರಾಣಿ ಧೂಪ ಇಟ್ಟು ಒಳಗೆ ಹೋದರು. ನನ್ನ ಅವರೆಕಾಳು ಹುಳಿಯ ವಿಡಿಯೋ ಎಕ್ಸ್‌ಪೋರ್ಟ್ ಆಗುತ್ತಿತ್ತು, ಶೇ. 94 ಮುಗಿದಿತ್ತು. ಕ್ಯಾಬಿನೆಟ್ಟಿನ ಮುಂದಿನ ಫ್ಯಾನುಗಳು ಗಾಳಿ ಒಳಗೆಳೆಯುತ್ತವೆ, ಹಿಂದಿನದು ಹೊರಗೆ ಹಾಕುತ್ತದೆ. ಧೂಪವೂ ಹಾಗೇ ಮುಂದಿನಿಂದ ಹೋಗಿ ಹಿಂದಿನಿಂದ ಬಂತು. ಗಾಜಿನೊಳಗೆ ಆ ಹೊತ್ತಿಗೆ ಸರಿಯಾಗಿ ಕೆಂಪು ಲೈಟು.

"ಹೊಗೆ ಬತ್ತೈತೆ ಕಣ್ರೋ!" ಅಂತ ಮಾವನವರು ಕೂಗಿದ್ದಕ್ಕೆ ಇವರು ಸ್ನಾನದ ಮನೆಯಿಂದಲೇ ಓಡಿಬಂದು ಪ್ಲಗ್ ಕಿತ್ತರು. ಲ್ಯಾಪ್‌ಟಾಪಾಗಿದ್ದರೆ ಬ್ಯಾಟರಿ ಕಾಪಾಡುತ್ತಿತ್ತು. ಯುಪಿಎಸ್ ಇನ್ನೂ ಮುಂದಿನ ತಿಂಗಳಲ್ಲೇ ಇತ್ತು. ಅವರೆಕಾಳು ಹುಳಿ ಮತ್ತೆ ಸೊನ್ನೆಯಿಂದ ಶುರು. ಮಗ ಮಾತ್ರ ಹಿಂದೆ ನಿಂತು ಹೊಗೆ ನೋಡಿ, "ಏರ್‌ಫ್ಲೋ ಸೂಪರಾಗಿದೆ ಅಮ್ಮ" ಅಂದ.

ಅತ್ತೆಯವರಿಗೆ ಬೇಜಾರೇನೂ ಆಗಲಿಲ್ಲ. ಧೂಪ ಅಷ್ಟು ಬೇಗ ಮನೆಯೆಲ್ಲ ಹರಡಿದ್ದನ್ನು ಅವರು ಗಮನಿಸಿದ್ದರು. ಈಗ ಶುಕ್ರವಾರ ಸಂಜೆಯಾದರೆ ಅವರೇ ಕರೆಯುತ್ತಾರೆ: "ಮಗಾ, ಬಾರೋ, ಆ ಡಬ್ಬಿ ಆನ್ ಮಾಡು." ಗೇಮ್ ಹಾಕಿದರೆ ಒಳಗೆ ಬಿಸಿಯಾಗಿ ಫ್ಯಾನು ಇನ್ನೂ ಜೋರಾಗಿ ತಿರುಗುತ್ತೆ ಅಂತ ಮಗ ಅಜ್ಜಿಗೆ ವಿವರಿಸಿದ್ದಾನೆ. ಅಪ್ಪ ಬೈದರೆ ಅಜ್ಜಿಯೇ ಅಡ್ಡ ಬರುತ್ತಾರೆ, "ಆಡ್ಲಿ ಬಿಡೋ, ಇನ್ನೂ ಅಡುಗೆಮನೆಗೆ ಧೂಪ ಹೋಗಿಲ್ಲ."