ಕೆಎನ್ ಫೋಲ್ಡರ್ ಮುಟ್ಟಬೇಡಿ

ಲಿನಕ್ಸ್ ಕಂಪ್ಯೂಟರಿನಲ್ಲಿ ಜಾಗ ಸಾಲದಿದ್ದರೆ ಬೇಡದ ಭಾಷೆಗಳ ಫೈಲು ಅಳಿಸುವ ಲೋಕೇಲ್‌ಪರ್ಜ್ ತಂತ್ರಾಂಶ ಹಾಕಿ, ಇಂಗ್ಲಿಷ್ ಬಿಟ್ಟು ಉಳಿದ ಭಾಷೆಗಳನ್ನೆಲ್ಲ ತೆಗೆಯಿರಿ ಅಂತ ಬರೆದಿದ್ದೀರಿ. ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ನಾನೂ ಹೀಗೇ ಮಾಡಿ ಕೈ ಸುಟ್ಟುಕೊಂಡೆ. ಬೆಳಿಗ್ಗೆ ಕೆಲಸದ ಹುಡುಗಿ, "ಅಣ್ಣಾ, ಮೆನುವಿನಲ್ಲಿ 'ಕಡತ' ಎಲ್ಲಿ ಹೋಯ್ತು? ಎಲ್ಲಾ ಇಂಗ್ಲಿಷಲ್ಲಿ ಬರ್ತಿದೆ" ಅಂದಳು. ಭಾಷೆ ಸೆಟ್ಟಿಂಗ್ ಕನ್ನಡದಲ್ಲೇ ಇತ್ತು. ಹೋಗಿದ್ದು ಕೆಎನ್ (ಕನ್ನಡದ ಸಂಕೇತ) ಫೋಲ್ಡರಿನ ಎಂಒ ಫೈಲುಗಳು, ಅಂದರೆ ಮೆನುವಿನ ಕನ್ನಡ ಅನುವಾದವೇ. ತಂತ್ರಾಂಶವನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೂ ಕನ್ನಡ ಬರಲಿಲ್ಲ! ಯಾಕಂದ್ರೆ ಈ ಲೋಕೇಲ್‌ಪರ್ಜ್ ಪುಣ್ಯಾತ್ಮ ಒಂದು ಸಲ ಅಳಿಸಿ ಸುಮ್ನೆ ಕೂರುವುದಿಲ್ಲ, ಪ್ಯಾಕೇಜ್ (ತಂತ್ರಾಂಶದ ಕಟ್ಟು) ಹಾಕಿದಾಗಲೆಲ್ಲ ಅಳಿಸುತ್ತದೆ. ಮೊದಲು ಇಟಿಸಿ ಫೋಲ್ಡರಿನ ಲೋಕೇಲ್ ಡಾಟ್ ನೋಪರ್ಜ್ ಫೈಲಿನಲ್ಲಿ, ಅಂದರೆ ಅಳಿಸಬಾರದ ಭಾಷೆಗಳ ಪಟ್ಟಿಯಲ್ಲಿ, ಕೆಎನ್ ಅಂತ ಒಂದು ಸಾಲು ಸೇರಿಸಬೇಕು. ಆಮೇಲೆ ಪ್ಯಾಕೇಜುಗಳನ್ನು ಮತ್ತೆ ಹಾಕಬೇಕು. ನನಗೆ ಅರ್ಧ ದಿನ ಹಿಡಿಯಿತು, ಹೊರಗೆ ಲಗ್ನಪತ್ರಿಕೆಯವರು ಕಾಯ್ತಾ ಇದ್ದರು.