ಹದಿನೇಳು ದಿನ ಮೊದಲೇ ಗೊತ್ತಿತ್ತು

ಶ್ರೀಲಂಕಾದ ನೆಗೊಂಬೊದಲ್ಲಿರುವ ಸಂತ ಸೆಬಾಸ್ಟಿಯನ್ ಚರ್ಚಿನ ಸಿಸಿಟಿವಿ ದೃಶ್ಯವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಬೆನ್ನಿಗೆ ಭಾರದ ಬ್ಯಾಗ್ ಹಾಕಿಕೊಂಡ ಒಬ್ಬ ಚರ್ಚಿನ ಕಡೆಗೆ ನಡೆದು ಬರುತ್ತಾನೆ. ದಾರಿಯಲ್ಲಿ ಅಜ್ಜನ ಜೊತೆ ಒಂದು ಪುಟ್ಟ ಮಗು ಸಿಗುತ್ತದೆ. ಮಗುವಿನ ತಲೆ ಸವರಿ ಮುಂದೆ ಹೋಗುತ್ತಾನೆ. ಒಳಗೆ ಈಸ್ಟರ್ ಬಲಿಪೂಜೆ, ಜನ ಕಿಕ್ಕಿರಿದಿದ್ದಾರೆ. ಅಲ್ಲಿ ಅವನು ಬಾಂಬ್ ಸಿಡಿಸಿಕೊಳ್ಳುತ್ತಾನೆ. ಆ ಒಂದು ಚರ್ಚಿನಲ್ಲೇ ನೂರಕ್ಕೂ ಜಾಸ್ತಿ ಜನ ಸತ್ತರು.

ಒಂದು ಮಗುವಿನ ತಲೆ ಸವರಿ, ಒಳಗಿದ್ದ ಮಕ್ಕಳನ್ನೆಲ್ಲ ಕೊಲ್ಲಲು ಹೋದವನ 'ನೋವು ಏನಿತ್ತೋ' ಎಂದು ವಿಚಾರಿಸುವ ವ್ಯವಧಾನ ನನಗಿಲ್ಲ. ಬಡತನ ಅನ್ನೋಣವೆಂದರೆ, ಕೊಲಂಬೊದ ಹೋಟೆಲುಗಳಲ್ಲಿ ಸಿಡಿದವರಲ್ಲಿ ಇಬ್ಬರು ದೊಡ್ಡ ಮಸಾಲೆ ವ್ಯಾಪಾರಿಯ ಮಕ್ಕಳು. ಓದಿಲ್ಲ ಅನ್ನೋಣವೆಂದರೆ, ಇನ್ನೊಬ್ಬ ಇಂಗ್ಲೆಂಡು, ಆಸ್ಟ್ರೇಲಿಯಾದಲ್ಲಿ ಓದಿ ಬಂದವನು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದದ್ದಕ್ಕೆ ಇದು ಸೇಡು ಎಂಬ ಮಾತು ಆಗ ಶ್ರೀಲಂಕಾದ ಸಂಸತ್ತಿನಲ್ಲೇ ಬಂತು. ಅದು ನಿಜವೇ ಆಗಿದ್ದರೂ ನೆಗೊಂಬೊದ ಮೀನುಗಾರರ ಮನೆಯವರಿಗೂ ಕ್ರೈಸ್ಟ್‌ಚರ್ಚಿನ ಹಂತಕನಿಗೂ ಎಲ್ಲಿಯ ಸಂಬಂಧ? ಅಲ್ಲಿ ನಮಾಜು ಮಾಡುತ್ತಿದ್ದವರನ್ನು ಕೊಂದವನೂ ಇಲ್ಲಿ ಪ್ರಾರ್ಥನೆ ಮಾಡುತ್ತಿದ್ದವರನ್ನು ಕೊಂದವರೂ ನನ್ನ ಲೆಕ್ಕದಲ್ಲಿ ಒಂದೇ ಜಾತಿ.

ಅವತ್ತು ಬೆಳಿಗ್ಗೆ ಮೂರು ಚರ್ಚು, ಮೂರು ಐಷಾರಾಮಿ ಹೋಟೆಲುಗಳಲ್ಲಿ ಬಾಂಬ್ ಸಿಡಿಯಿತು. ಸತ್ತವರು 359 ಎಂದು ಸರ್ಕಾರ ಮೊದಲು ಹೇಳಿತು. ಆಮೇಲೆ 253 ಎಂದಿತು. ದೇಹಗಳು ಎಷ್ಟು ಚೂರಾಗಿದ್ದವೆಂದರೆ ಒಬ್ಬರನ್ನೇ ಎರಡೆರಡು ಸಲ ಎಣಿಸಿಬಿಟ್ಟಿದ್ದರು. ಗಾಯಾಳುಗಳಲ್ಲಿ ಕೆಲವರು ಆಮೇಲೆ ತೀರಿಕೊಂಡರು, ಸಂಖ್ಯೆ 260 ದಾಟಿತು.

ಶ್ರೀಲಂಕಾದ ಪೂರ್ವ ಕರಾವಳಿಯ ಮಟ್ಟಕ್ಕಳಪ್ಪಿನ ಜಿಯೋನ್ ಚರ್ಚಿನದು ಇನ್ನೊಂದು ಕಥೆ. ಭಾನುವಾರದ ತರಗತಿ ಮುಗಿಸಿದ ಮಕ್ಕಳು ತಿಂಡಿ ತಿನ್ನಲು ಅಂಗಳಕ್ಕೆ ಬಂದಿದ್ದರು. ಬ್ಯಾಗ್ ಹೊತ್ತು ಬಂದವನನ್ನು ಚರ್ಚಿನವರೊಬ್ಬರು ಅನುಮಾನದಿಂದ ಮಾತಾಡಿಸಿ, ಒಳಗೆ ಬಿಡಲಿಲ್ಲ. ಅವನು ಅಲ್ಲೇ ಸಿಡಿಸಿಕೊಂಡ. ತಡೆದವರು ಹೋದರು, ಅಂಗಳದಲ್ಲಿದ್ದ ಮಕ್ಕಳೂ ಹೋದರು. ಒಳಗಿದ್ದ ನೂರಾರು ಜನ ಉಳಿದರು. ಆ ಹಂತಕರ ನಾಯಕ ಜಹ್ರಾನ್ ಹಾಶಿಮ್‌ನ ಹೆಸರು ಎಲ್ಲರಿಗೂ ಗೊತ್ತು, ಜಿಯೋನ್ ಚರ್ಚಿನಲ್ಲಿ ಬಾಂಬ್ ಹೊತ್ತವನನ್ನು ತಡೆದು ನಿಂತ ರಮೇಶ್ ರಾಜು ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇದಂತೂ ನನಗೆ ಸಹಿಸಲಾಗದು.

ನಮ್ಮವರೂ ಇದ್ದರು. ಕರ್ನಾಟಕದಲ್ಲಿ ಲೋಕಸಭೆಯ ಮೊದಲ ಹಂತದ ಮತದಾನ ಏಪ್ರಿಲ್ 18ಕ್ಕೆ ಮುಗಿದಿತ್ತು. ಪ್ರಚಾರದ ಓಡಾಟ ಮುಗಿಸಿದ ಬೆಂಗಳೂರು, ನೆಲಮಂಗಲ ಕಡೆಯ ಜೆಡಿಎಸ್ ಕಾರ್ಯಕರ್ತರ ಗುಂಪೊಂದು ಸುಮ್ನೆ ನಾಲ್ಕು ದಿನ ಆರಾಮಾಗಿ ಇದ್ದು ಬರೋಣ ಎಂದು ಕೊಲಂಬೊಗೆ ಹೋಗಿತ್ತು. ಶಾಂಗ್ರಿ-ಲಾ ಹೋಟೆಲಿನಲ್ಲಿ ಇಳಿದುಕೊಂಡಿದ್ದರು. ಶವಪೆಟ್ಟಿಗೆಗಳು ಬೆಂಗಳೂರಿಗೆ ಬಂದ ದಿನ ಟೀವಿ ಮುಂದೆ ಕೂತವರಿಗೆ ನೆನಪಿರುತ್ತದೆ. 'ಹೊರದೇಶದ ಗಲಾಟೆ ನಮಗ್ಯಾಕೆ' ಎನ್ನುವವರು ಆ ಮನೆಗಳಿಗೆ ಹೋಗಿ ಈ ಮಾತು ಹೇಳಲಿ ನೋಡೋಣ.

ಈಗ ನನಗೆ ಹೊಟ್ಟೆ ಉರಿಯುವ ವಿಷಯಕ್ಕೆ ಬರುತ್ತೇನೆ. ಏಪ್ರಿಲ್ 4ರಂದೇ ಭಾರತದ ಗುಪ್ತಚರರು ಶ್ರೀಲಂಕಾಕ್ಕೆ ಎಚ್ಚರಿಕೆ ಕೊಟ್ಟಿದ್ದರು. ಅದರಲ್ಲಿ ಜಹ್ರಾನ್‌ನ ಹೆಸರಿತ್ತು, ಚರ್ಚುಗಳು ಗುರಿ ಎಂದಿತ್ತು. ಹದಿನೇಳು ದಿನ! ಜನವರಿಯಲ್ಲೇ ಪುತ್ತಲಂ ಜಿಲ್ಲೆಯ ತೆಂಗಿನ ತೋಟವೊಂದರಲ್ಲಿ ರಾಶಿ ಸ್ಫೋಟಕ ಸಿಕ್ಕಿತ್ತು. ಅದಕ್ಕೂ ಮೊದಲು ಜಹ್ರಾನ್‌ನ ಊರಾದ ಕಾತ್ತಾನ್‌ಕುಡಿಯ ಮುಸ್ಲಿಮರೇ ಅವನ ಮೇಲೆ ಪೊಲೀಸರಿಗೆ ದೂರು ಕೊಟ್ಟಿದ್ದರು. 2017ರಲ್ಲಿ ಸೂಫಿಗಳ ಮೇಲೆ ಹೊಡೆದಾಟಕ್ಕಿಳಿದು ತಲೆಮರೆಸಿಕೊಂಡಿದ್ದವನು ಅವನು. ಇಷ್ಟೆಲ್ಲ ಇದ್ದರೂ ಆಗಿನ ಅಧ್ಯಕ್ಷ ಸಿರಿಸೇನ, ಪ್ರಧಾನಿ ರನಿಲ್ ವಿಕ್ರಮಸಿಂಘೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಭದ್ರತಾ ಮಂಡಳಿಯ ಸಭೆಗೆ ಪ್ರಧಾನಿಯನ್ನೇ ಕರೆಯುತ್ತಿರಲಿಲ್ಲ. ಎಚ್ಚರಿಕೆ ಫೈಲಿನಿಂದ ಫೈಲಿಗೆ ಓಡಾಡಿತು. ದಾಳಿಯ ಸುದ್ದಿ ತಮ್ಮ ತಂದೆಯ ಕಿವಿಗೆ ಮೊದಲೇ ಬಿದ್ದಿತ್ತು, ಚರ್ಚಿಗೆ ಹೋಗಬೇಡ ಎಂದಿದ್ದರು ಎಂದು ಹರಿನ್ ಫರ್ನಾಂಡೊ ಎಂಬ ಮಂತ್ರಿ ತಾವೇ ಹೇಳಿಕೊಂಡರು. ಮಂತ್ರಿಯ ಮನೆಗೆ ಮುಟ್ಟಿದ ಸುದ್ದಿ ನೆಗೊಂಬೊದ ಪಾದ್ರಿಗೆ ಮುಟ್ಟಲಿಲ್ಲ.

ಆಮೇಲೆ ಏನಾಯಿತು? ಸತ್ತವರ ಮನೆಯವರು ಇನ್ನೂ ಅಳುತ್ತಿರುವಾಗಲೇ ಮೇ ತಿಂಗಳಲ್ಲಿ ಮುಸ್ಲಿಮರ ಅಂಗಡಿ, ಮಸೀದಿಗಳಿಗೆ ಕಲ್ಲು, ಬೆಂಕಿ ಬಿತ್ತು. ಒಬ್ಬ ಬಡಗಿಯನ್ನು ಕೊಂದರು. ಪಾಕಿಸ್ತಾನದಲ್ಲಿ ಬದುಕಲಾಗದೆ ನೆಗೊಂಬೊಗೆ ಓಡಿ ಬಂದಿದ್ದ ಅಹ್ಮದಿಯ ಪಂಥದ ಮುಸ್ಲಿಮರನ್ನು ಬಾಡಿಗೆ ಮನೆಗಳಿಂದ ಓಡಿಸಿದರು. ಬಾಂಬ್ ಹಾಕಿದವರು ಬಯಸಿದ್ದೂ ಇದನ್ನೇ ಅಲ್ವಾ? ಹಂತಕರ ಶವಗಳನ್ನು ನಾವು ಮುಟ್ಟುವುದಿಲ್ಲ ಎಂದು ಅಲ್ಲಿನ ಮುಸ್ಲಿಂ ಉಲಮಾ ಸಂಘಟನೆ ಖಡಾಖಂಡಿತವಾಗಿ ಹೇಳಿತ್ತು. ಅದು ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರಲಿಲ್ಲ. ಬಂದದ್ದು ರಕ್ತದ ಫೋಟೊಗಳು, ಅದರ ಕೆಳಗೆ ನಮ್ಮ ಊರಿನ ಜಗಳ. ಒಂದು ಕಡೆಯವರು ಸತ್ತವರನ್ನು ಇಟ್ಟುಕೊಂಡು ಪಕ್ಕದ ಬೀದಿಯವರಿಗೆ ಬೈದರು. ಇನ್ನೊಂದು ಕಡೆಯವರು ಬೈಯುವವರಿಗೆ ಬೈದು, ಕೊಂದವರ ಬಗ್ಗೆ ತುಟಿ ಬಿಚ್ಚಲಿಲ್ಲ. ಎರಡೂ ಕಡೆ ನೆಗೊಂಬೊದ ಹೆಂಗಸರ ಮಾತೇ ಇರಲಿಲ್ಲ.

ಸತ್ತವರ ಮನೆಯವರು ಏನು ಕೇಳುತ್ತಿದ್ದಾರೆ ಗೊತ್ತಾ? ಯಾರ ಮೇಲೂ ಸೇಡು ಕೇಳಲಿಲ್ಲ. ಯಾರು ಮಾಡಿಸಿದರು, ಗೊತ್ತಿದ್ದೂ ಯಾಕೆ ತಡೆಯಲಿಲ್ಲ, ಇಷ್ಟೇ. ಅಲ್ಲಿನ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಮಾಲ್ಕಂ ರಂಜಿತ್ ವರ್ಷ ವರ್ಷವೂ ಇದನ್ನೇ ಕೇಳಿಕೊಂಡು ಬಂದಿದ್ದಾರೆ. ಅಧ್ಯಕ್ಷರು ಬದಲಾದರು, ಆಯೋಗ ಕೂತಿತು, ವರದಿ ಬಂತು. ಮಗು ಕಳೆದುಕೊಂಡ ತಂದೆಯರೂ ಸೇರಿ ಸುಪ್ರೀಂ ಕೋರ್ಟಿಗೆ ಹೋದರು. 2023ರ ಜನವರಿ 12ರಂದು ಏಳು ನ್ಯಾಯಮೂರ್ತಿಗಳ ಪೀಠ ಸಿರಿಸೇನ ಸ್ವಂತ ಜೇಬಿನಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕು ಎಂದಿತು. ಪೊಲೀಸ್ ಮುಖ್ಯಸ್ಥರಾಗಿದ್ದವರಿಗೂ ಗುಪ್ತಚರ ಮುಖ್ಯಸ್ಥರಾಗಿದ್ದವರಿಗೂ ತಲಾ ಏಳೂವರೆ ಕೋಟಿ. ದೇಶ ಆಳಿದವನ ಜೇಬಿಗೇ ಕೈ ಹಾಕಿದ ಇಂಥ ತೀರ್ಪು ನಮ್ಮ ಕಡೆ ನಾನಂತೂ ಕೇಳಿಲ್ಲ. ಸಿರಿಸೇನ ಕ್ಷಮೆ ಕೇಳಿದರು, ಅಷ್ಟು ದುಡ್ಡಿಲ್ಲ ಎಂದರು, ಕಂತಿನಲ್ಲಿ ಕಟ್ಟಿದರು.

ಈ ತೀರ್ಪಿನ ಸುದ್ದಿಯನ್ನು ನಮ್ಮಲ್ಲಿ ಎಷ್ಟು ಜನ ಶೇರ್ ಮಾಡಿದರು? 2019ರಲ್ಲಿ ಡಿಪಿಗೆ ಮೊಂಬತ್ತಿ ಹಾಕಿದ್ದ ನನ್ನ ಸ್ನೇಹಿತರ ಪಟ್ಟಿಯಲ್ಲಿ ಒಬ್ಬರೂ ಕಾಣಲಿಲ್ಲ. 25 ಮಂದಿಯ ಮೇಲೆ 23 ಸಾವಿರಕ್ಕೂ ಜಾಸ್ತಿ ಆರೋಪ ಹೊರಿಸಿದ ಕ್ರಿಮಿನಲ್ ಮೊಕದ್ದಮೆ 2021ರ ಕೊನೆಯಲ್ಲಿ ಶುರುವಾದಾಗಲೂ ಅಷ್ಟೇ. ಆ ತಂದೆಯರ ಪರ ಇದ್ದೇವೆ ಅನ್ನುವುದಾದರೆ ಈ ಮೊಕದ್ದಮೆಯ ಬಗ್ಗೆ ಮಾತಾಡಿ. ಕಾಮೆಂಟಿನಲ್ಲಿ ಧರ್ಮದ ಜಗಳ ತೆಗೆಯುವವರನ್ನು, ಯಾವ ಕಡೆಯವರಾದರೂ ಸರಿ, ಬ್ಲಾಕ್ ಮಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.